ಕೊಸರು

ಲಕ್ಕುಂಡಿ ಬಾವಿಗಳ ಮೆಟ್ಟಲಾ ಅಳತಿ ಮಾಡಾಕ ಬಂದಾಕಿ,
ಫಿನ್ಲಂಡಿನಾಕಿ, ಹೆಲ್ಮಿ.
ಗದಗಿನ ಲಾಡ್ಜಿನ ಹುಡುಗರ ಬಾಯಾಗ
ಮೂರ ದಿನಕ್ಕ ಹೇಮಕ್ಕ ಆಗಿದ್ಲು.
ಕೈಯಾಗ ಒಂದು ಚೀಟಿ, ಆ ಹುಡುಗರದ ಅಕ್ಷರ:

ಗೋಧಿ ಬ್ಯಾಡ. ಮೈದಾ ಬ್ಯಾಡ. ಸಕ್ರಿ, ಬೆಲ್ಲ ಬ್ಯಾಡ.
ಹಾಲು ಮೊಸರು ತುಪ್ಪ ಬ್ಯಾಡ.
ಎಣ್ಣಿ ಒಂದು ಹನಿನೂ ಬ್ಯಾಡ.
ಪಾಕೀಟಿನ್ಯಾಗಿಂದು ಏನೂ ಬ್ಯಾಡ.
ಕೆಳಗ ಸಣ್ಣಗ: ತಪ್ಪಿದ್ರ ದವಾಖಾನಿ.

ಓದಿ ಮುಗಿಸಿ
ನನ್ನ ಅಂಗಡಿ ನಾನ ಹೊಸಬನಂಗ ನೋಡಿದೆ.
ಬಾಗಲಕ್ಕ ತೋರಣಧಂಗ ಚಿಪ್ಸು,
ಬಿಸ್ಕೀಟಿನ ಗ್ವಾಡಿ, ಎಣ್ಣಿ ಡಬ್ಬಿ ಗೋಪುರ.
ಇಪ್ಪತ್ತಾರು ವರ್ಷ ಹೊಂದಿಸಿ ಇಟ್ಟದ್ದು,
ಇದರಾಗ ಈಕಿಗೆ ಏನು ಕೊಡ್ಲಿ?
ಚಾ ತರಿಸಲೇನ್ರಿ ಅಂತ ಬಾಯಿಗೆ ಬಂತು,
ಹಾಲು, ಸಕ್ರಿ ನೆನಪಾಗಿ ನುಂಗಿಕೊಂಡೆ.
ಬಂದವರಿಗೆ ಚಾ ಕೇಳದ ದಿನ
ನನ್ನ ಜನ್ಮದಾಗ ಅದ ಮೊದಲು.

ಅಕಿ ತೋರಣ ಸರಿಸಿ ಒಳಗ ಹೋದ್ಲು,
ದೀಪ ಹತ್ತದ ಮೂಲಿಗೆ,
ಅಪ್ಪನ ಕಾಲದ ಚೀಲ ಇರೂ ಕಡೆ.
ಒಂದೊಂದಕ್ಕೂ ಮೂಗು ಇಟ್ಟು ನೋಡಿದ್ಲು.
ಹಸರ ಕಾಳು ಬೊಗಸ್ಯಾಗ ತಗೊಂಡು
ಕಲ್ತ ಕನ್ನಡದಾಗ ಕೇಳಿದ್ಲು: ಹೆಸರು?
ಹೆಸರು, ಅಂದೆ.
ಹ್ಞೂ. ಹೆಸರು?
ಅದರ ಹೆಸರ ಹೆಸರು ರೀ.
ನನ್ನ ಕಡೆ ನೋಡಿದ್ಲು, ಕಾಳಿನ ಕಡೆ ನೋಡಿದ್ಲು,
ಎದಿ ಮುಟ್ಟಿಕೊಂಡು: ಹೆಲ್ಮಿ.
ನಾನೂ ಅಂದೆ: ಫಕ್ಕೀರಪ್ಪ.
ಕಾಳು ಒಂದಕ್ಕ ಮಾತ್ರ ಹೆಸರು ಹೇಳಾಕ ಆಗಲಿಲ್ಲ.

ತೊಗರಿ ಬ್ಯಾಳಿ ಬೆರಳಾಗ ತಿಕ್ಕಿ ಬೆಳಕಿಗೆ ಹಿಡದ್ಲು.
ಎಣ್ಣಿ ಹಚ್ಚಿದ್ದು ಅದು, ಬಿಡ್ರಿ,
ಅಂತ ಬಾಯಿ ತಪ್ಪಿ ಅಂದುಬಿಟ್ಟೆ.
ಹಿಂದ ನಿಂತ ಚಂಬವ್ವಜ್ಜಿ ಕಿವಿ ನಿಮಿರಿತು:
ಏನಂದ್ಯೋ ಫಕ್ಕೀರಾ?
ಹೊಳಪು ಅಂತ ಅದನ್ನ ಒಯ್ತಿದ್ನೆಲ್ಲೋ!

ಹೆಸರು ಅರ್ಧ ಕಿಲೋ, ನವಣಿ, ಅಗಸಿ,
ಹಸಿ ಸೇಂಗಾ, ಹುಣಸಿಹಣ್ಣು, ಹರಳುಪ್ಪು.
ನೂರಾ ಎಂಬತ್ತು ಎಣಿಸಿ ಇಟ್ಲು.
ಬರೇ ರೊಕ್ಕ ತಗೊಂಡು ಕಳಸೂದು ಹೆಂಗ?
ಇಂಗಿನ ಸಣ್ಣ ಡಬ್ಬಿ ಚೀಲದಾಗ ಹಾಕಿದೆ,
ಹೊಟ್ಟಿ ಮುಟ್ಟಿ ತೋರಿಸಿದೆ: ಹೆಸರು ತಿಂದ್ರ ಉಬ್ಬತೈತಿ,
ಚಿಟಿಕಿ ಸಾಕು, ಇದು ಕೊಸರು.
ಎಲ್ಲಾದಕ್ಕೂ ಬ್ಯಾಡ ಅಂತ ಬರಸಿಕೊಂಡು ಬಂದಾಕಿ
ಕೊಸರು ಬ್ಯಾಡ ಅನ್ನಲಿಲ್ಲ.

ರಾತ್ರಿ ಕದ ಹಾಕೂ ಮುಂದ
ಅಂಥಾದ ಇನ್ನೊಂದು ಡಬ್ಬಿ ಕೈಗೆ ಹತ್ತಿತು.
ಓದೋಣಂತ ಹಿಂದ ತಿರಿವಿದೆ.
ಇರುವಿ ಸಾಲಿನಂಥ ಅಕ್ಷರ,
ಮೊಬೈಲಿನ ಬೆಳಕು ಹಿಡದೆ:
ಅಂಟು. ಗೋಧಿ ಹಿಟ್ಟು.
ಆಮ್ಯಾಲ ಇಂಗು.

ನನ್ನ ಅಂಗಿ ಒಳಗ ಬೆವರು ಇಳೀತು.
ಬಿಟ್ಟ ಕದ ಬಿಟ್ಟಂಗ, ಸ್ಕೂಟರ್ ಒದ್ದೆ.
ಬಸ್‌ಸ್ಟ್ಯಾಂಡ್, ಲಾಡ್ಜು, ಮೂರನೇ ಮಾಳಿಗಿ,
ಉಸಿರು ಬಿಡಾಕೂ ನಿಲ್ಲದ
ಗೋಧಿ, ಗೋಧಿ ಅಂತ ಕದ ಬಡದೆ.

ಕುಕ್ಕರಿನ ಉಗಿ ಹಿಂದ ನಿಂತಿದ್ಲು.
ಕಿಡಕಿ ಕಟ್ಟಿ ಮ್ಯಾಲ ಡಬ್ಬಿ,
ಸೀಲು ಒಡದಿಲ್ಲ.
ಕೆಳಗ ನನ್ನ ಅಂಗಡಿ ಚೀಲ, ನಾಕು ಮಡಿಕಿ ಮಡಚಿದ್ದು.
ಅಂದ್ರ ಅಂಗಡ್ಯಾಗ ಇದ್ದಾಗನ ಗೊತ್ತಿತ್ತೇನು?
ಕೇಳಾಕ ನನ್ನ ಹತ್ರ ಅಕಿ ಮಾತಿಲ್ಲ.
ಡಬ್ಬಿ ಎರಡೂ ಕೈಲೆ ಕೊಟ್ಲು, ದೇವರ ಪ್ರಸಾದ ಕೊಟ್ಟಂಗ,
ಕಿಸೆಕ್ಕ ಇಳಿಬಿಟ್ಟೆ.

ಸ್ಟೀಲ್ ಮುಚ್ಚಳದಾಗ ನನಗೂ ಬಡಿಸಿದ್ಲು.
ಒಗ್ಗರಣಿ ಇಲ್ಲ, ಖಾರ ಇಲ್ಲ,
ಉಪ್ಪು, ಹುಣಸಿ, ಒಂದೀಟು ಅಗಸಿ ಪುಡಿ.
ಹೆಸರಿಗೆ ಹೆಸರಿನದ ರುಚಿ.
ಐವತ್ತೆಂಟು ವರ್ಷ ತಿಂದ ಕಾಳು,
ಅವತ್ತ ಗುರ್ತು ಹತ್ತಿತು.

ಸುಳ್ಳ ಯಾಕ ಹೇಳ್ಲಿ,
ಕೆಳಗ ಇಳದು ಗಾಡಿ ಮುಂದ ನಿಂತು
ಎರಡು ಮಿರ್ಚಿ ತಿಂದೆ, ಬಿಸಿವು,
ಎಣ್ಣಿ ಮೊಣಕೈತನಕ ಹರೀತು.
ಕೊಸರಿನ ಬಾಕಿ ಇನ್ನೂ ಐತಿ.
ನಾಳೆ ಬರ್ತಾಳ, ನವಣಿ ಮುಗಿತೈತಿ.
ಏನು ಕೊಡ್ಲಿ? ಹಸಿ ಕರಿಬೇವಿಗೆ
ಹಿಂದ ಓದೂವಂಥಾದ್ದು ಏನೂ ಇರೂದಿಲ್ಲಲ್ಲ.