ನಾನೂರ ಹತ್ತೊಂಬತ್ತನೆಯ ಪುಟ

ವೈಯಾಲದ ಧರ್ಮದಂಗಡಿಯಲ್ಲಿ, ಹಳೆ ಸ್ವೆಟರುಗಳ ಕೆಳಗೆ,
ಒಂದು ಡಾಲರಿಗೆ ಸಿಕ್ಕಿತು.
ಮುಖಪುಟದ ತುಂಬ ಬೆಂಕಿ, ಬೆಂಕಿಯ ನಡುವೆ ಕುದುರೆ,
ಕುದುರೆಯ ಹಲ್ಲು ಮಾತ್ರ ಟೂತ್‌ಪೇಸ್ಟಿನ ಜಾಹೀರಾತಿನ ಹಾಗೆ.
‘ಲೋಕದ ಕೊನೆಯಂತೆ,’ ಅಂದೆ.
‘ಓದು ಮತ್ತೆ,’ ಅಂದಳು ಮರ್ಲ್ ಹಾಜ್ಕಿಸ್.
ವಯಸ್ಸು ತೊಂಬತ್ತೊಂದು, ಕೋಣೆ ಹದಿನಾಲ್ಕು,
ಕಣ್ಣಿನ ನಡುವೆ ಕತ್ತಲು, ಅಂಚಿನಲ್ಲಿ ಚೂರು ಬೆಳಕು.
ನನಗೆ ರಾತ್ರಿ ಪಾಳಿ. ಅವಳಿಗೆ ನಿದ್ದೆಯಿಲ್ಲ.

ಬೆಟಗೇರಿಯ ಮಿಶನ್ ಆಸ್ಪತ್ರೆಯ ಕಂಪೌಂಡರ್ ನಮ್ಮಪ್ಪ
ಪ್ರಕಟನೆ ಓದುವಾಗ ಕಂದೀಲಿನ ಬತ್ತಿ ಇಳಿಸುತ್ತಿದ್ದ,
ಆ ಮೃಗಕ್ಕೆ ಅಷ್ಟು ಬೆಳಕು ಬೇಡ ಅಂತ.
ಏಳು ತಲೆ, ಹತ್ತು ಕೊಂಬು,
ಎಣಿಸುತ್ತ ಎಣಿಸುತ್ತ ಅವ್ವನ ಸೆರಗಿನೊಳಗೆ ಸೇರುತ್ತಿದ್ದೆ.
ನಿಜ ಹೇಳಬೇಕೆಂದರೆ
ಆ ಭಯ ಇನ್ನೊಮ್ಮೆ ಸಿಕ್ಕೀತೆಂದೇ
ಆ ಒಂದು ಡಾಲರು ಕೊಟ್ಟದ್ದು.

ಸಿಗಲಿಲ್ಲ.
ಇಲ್ಲಿ ಮೃಗಕ್ಕೆ ಒಂದೇ ತಲೆ, ಅದೂ ನೀಟಾಗಿ ಬಾಚಿದ್ದು.
ಬ್ರಸೆಲ್ಸಿನಲ್ಲಿ ಆಫೀಸು. ಬಾಯಿ ತೆಗೆದರೆ ಬ್ಯಾಂಕ್ ಮ್ಯಾನೇಜರು.
ದೇವದೂತರಿಗಿಂತ ಹೆಲಿಕಾಪ್ಟರುಗಳ ವರ್ಣನೆ ಹೆಚ್ಚು.
ಹೆಂಗಸರಿದ್ದಾರೆ, ಅಳುವುದಕ್ಕೆ, ಕಾಫಿ ತಂದುಕೊಡುವುದಕ್ಕೆ.
ಸಮುದ್ರ ರಕ್ತವಾದದ್ದಕ್ಕೆ ಒಂದೂವರೆ ಸಾಲು,
ಕರ್ನಲ್ಲನ ಜೀಪಿಗೆ ಮೂರು ಪುಟ.

‘ಬೆಕ್ಕು ಏನಾಯ್ತು?’ ಅಂದಳು ಮರ್ಲ್.
ಮೂವತ್ತೊಂದನೆಯ ಪುಟದಲ್ಲಿ ಒಂದು ಮನೆಯವರೆಲ್ಲ
ಊಟದ ಮೇಜಿನಿಂದ ಸೀದಾ ಮೇಘಗಳಿಗೆ ಎತ್ತಲ್ಪಟ್ಟರು.
ಕಿಟಕಿಯಲ್ಲಿ ಬೆಕ್ಕು ಉಳಿಯಿತು.
ಬರೆದವನು ಅದನ್ನು ಅಲ್ಲೇ ಬಿಟ್ಟು ಯೆರೂಸಲೇಮಿಗೆ ಹೊರಟುಹೋದ.
ನೂರನೆಯ ಪುಟಕ್ಕೆ ಭೂಕಂಪ. ‘ಬೆಕ್ಕು?’
ಇನ್ನೂರ ನಲವತ್ತಕ್ಕೆ ಮಿಡತೆಗಳು. ‘ಯಾರಾದ್ರೂ ನೀರಿಟ್ಟರಾ ಅದಕ್ಕೆ?’
ಮುನ್ನೂರು ದಾಟಿ ನಕ್ಷತ್ರಗಳು ಉದುರುವಾಗ ಅವಳು ಕೇಳಲಿಲ್ಲ.
ನಾನೇ ಮುಂದಿನ ಹಾಳೆಗಳನ್ನು ಸರಸರ ಮಗುಚಿ ಹುಡುಕಿದೆ.

ಆ ರಾತ್ರಿ ಕಿಟಕಿಯಾಚೆ ಆಕಾಶ ಕೆಂಪಾಯಿತು.
ಆಸ್ಟ್ರೇಲಿಯಾದ ಈ ಕೆಂಪು ಧೂಳಿನ ಊರಿಗೆ ಬಂದ ಹೊಸತರಲ್ಲಿ
ಅದನ್ನು ಕಂಡು ಕಾರ್ ಪಾರ್ಕಿನಲ್ಲೇ ಮೊಣಕಾಲೂರಿದವಳು ನಾನು.
‘ಕಿಟ್ಟ ಸುರಿತಾ ಇದಾರೆ,’ ಅಂದಳು ಮರ್ಲ್,
ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನ್ ನಡೆಸಿದ ಕೈ
ಹೊದಿಕೆಯ ಮೇಲೆ ಯಾವುದೋ ಹಿಡಿಯನ್ನು ತಿರುಗಿಸುತ್ತಿತ್ತು.
‘ನನ್ನ ಕೆನ್ ಹೋದಾಗ ಒಲೆ ಮೇಲೆ ಮಟನ್ ಇತ್ತು.
ಮೊದಲು ಗ್ಯಾಸ್ ಆರಿಸಿದೆ.
ಇವನ ಕತೆಯಲ್ಲಿ ಗ್ಯಾಸ್ ಆರಿಸೋರೇ ಇಲ್ವಲ್ಲ.’

ನಾನೂರ ಹದಿನೆಂಟು. ಕರ್ನಲ್ಲ ಬೆಟ್ಟದ ಮೇಲೆ ನಿಂತು
ದುರ್ಬೀನು ಎತ್ತಿದ. ಕೆಳಗೆ ಓರೆ ಅಕ್ಷರದಲ್ಲಿ:
ಮುಂದುವರಿಯುವುದು, ಎರಡನೆಯ ಸಂಪುಟದಲ್ಲಿ.
ಲೋಕ ಮುಗಿಯುವುದಕ್ಕೂ ಎರಡನೆಯ ಸಂಪುಟ!
ಆ ಸಾಲನ್ನು ನಾನು ಓದಲಿಲ್ಲ.
‘ಅಷ್ಟೇನಾ?’
ಎದುರಿಗಿದ್ದ ಖಾಲಿ ಹಾಳೆ ನೋಡಿಕೊಂಡು ಓದಿದೆ:
ಪಕ್ಕದ ಮನೆಯವನು, ಚರ್ಚಿನ ಮೆಟ್ಟಿಲು ಹತ್ತದವನು,
ಯಾರೂ ಎತ್ತಿಕೊಂಡು ಹೋಗದವನು,
ಲುಂಗಿಯಲ್ಲೇ, ಅಲ್ಲ, ಚಡ್ಡಿಯಲ್ಲೇ ಬೇಲಿ ದಾಟಿ ಬಂದ.
ಆ ಮೇಜಿನ ಮೇಲೆ ತಣ್ಣಗಾಗಿದ್ದ ಮೀನಿನ ಮುಳ್ಳು ಬಿಡಿಸಿ
ತಟ್ಟೆಯಲ್ಲಿಟ್ಟು
ಬೆಕ್ಕು ನಂಬುವ ತನಕ ಮೆಟ್ಟಿಲ ಮೇಲೆ ಕೂತ.

ಮರ್ಲ್ ಕೈಚಾಚಿ ಪುಸ್ತಕ ಮುಟ್ಟಿದಳು.
ಎಡಕ್ಕೆ ಅಷ್ಟೂ ದಪ್ಪ, ಬಲಕ್ಕೆ ಬರೀ ರಟ್ಟು.
‘ಎಷ್ಟನೇ ಪುಟ?’
‘ನಾನೂರ ಹತ್ತೊಂಬತ್ತು.’
‘ಹೂಂ,’ ಅಂದಳು. ದಿಂಬು ಸರಿಮಾಡಿಕೊಂಡಳು.
‘ಯಾವ ಮೀನು?’