ಎಡಗಾಲ ಕಡೆಯ ಕಾರ್ಪೆಟ್ಟು

ದಾನದ ಎಮ್ಮೆಯಲ್ಲ ಇದು, ನಾಲ್ಕು ಸಾವಿರ ಯೂರೋ;
ಹಲ್ಲು ಎಣಿಸಲೇಬೇಕು.
ಗೆಲ್ಸೆನ್‌ಕಿರ್ಶೆನ್ನಿನ ಓಣಿ, ಫೆಬ್ರವರಿಯ ಬೂದು ಬೆಳಕು.
ಝ್ಡೆಂಕೊ ಮಂಡಿಯೂರಿ
ಬಟ್ಟೆ ಸುತ್ತಿದ ಅಯಸ್ಕಾಂತದಿಂದ
ಹಳೇ ಮರ್ಸಿಡಿಸ್ಸಿನ ಕೆಳಗಂಚು ತಡವುತ್ತಾನೆ.
ಅಂಟಿದರೆ ಕಬ್ಬಿಣ. ಜಾರಿದರೆ ಬಣ್ಣ ಬಳಿದ ಸುಳ್ಳು.
ಎರಡು ಕಡೆ ಜಾರಿತು.

"ಎಂಜಿನ್ನು ಬಿಡು, ಅದು ನಮ್ಮನ್ನೆಲ್ಲ ಮಣ್ಣು ಮಾಡಿ ಬರುತ್ತದೆ.
ಗೇರ್‌ಬಾಕ್ಸ್ ಕೇಳು."
ಬಿಸಿಯಾಗುವ ತನಕ ಓಡಿಸಿ, ನಿಲ್ಲಿಸಿ,
ಎಂಜಿನ್ನು ಗುನುಗುತ್ತಿರುವಾಗಲೇ ಕಡ್ಡಿ ಎಳೆದು ಮೂಸಿದ:
ಸೀದ ವಾಸನೆಯಿಲ್ಲ, ಎಣ್ಣೆ ಇನ್ನೂ
ಬೀಟ್‌ರೂಟ್ ಬೆಂದ ನೀರಿನ ಕೆಂಪು.
ಮುಂದಕ್ಕೆಂದರೆ ಹೊರಡುತ್ತದೆ, ತಕರಾರಿಲ್ಲ.
ಹಿಂದಕ್ಕೆಂದರೆ ಮಾತ್ರ
ಒಂದು, ಎರಡು,
ಆಮೇಲೆ ಧಡ್.
"ಐನೂರು ಇಳಿಸು," ಕಿವಿಯಲ್ಲಿ ಹೇಳಿದ.

ಮೀಟರಿನಲ್ಲಿ ತೊಂಬತ್ತೆಂಟು ಸಾವಿರ. ಯಾರು ನಂಬುತ್ತಾರೆ?
ಕಾಲಡಿ ಬಗ್ಗಿ ನೋಡಿದೆ.
ಬಲಗಡೆ, ಹಿಮ್ಮಡಿ ಊರುವಲ್ಲಿ, ತಗಡು ಕಾಣುವ ತೂತು.
ಎಡಗಡೆ ಕಾರ್ಪೆಟ್ಟು ನಿನ್ನೆ ಅಂಗಡಿಯಿಂದ ತಂದ ಹಾಗೆ,
ಒಂದು ಎಳೆಯೂ ಮಲಗಿಲ್ಲ.
ಪಾರ್ಕಿಂಗ್ ಬ್ರೇಕಿನ ಪೆಡಲಿಗೆ ಹೊಚ್ಚ ಹೊಸ ರಬ್ಬರು.

"ಕಲ್ಲಿದ್ದಲ ಗಣಿಯಲ್ಲಿ ಹೋಯಿತು," ಎಂದಳು ವಾಲ್ಟ್ರೌಟ್,
ಬೀಗದ ಕೈ ಗೊಂಚಲು ಎಣಿಸುತ್ತ.
"ಕಟ್ಟಿದ ಕಾಲು ಅಪ್ಪನಿಗೆ ಕಿರಿಕಿರಿ;
ಹಿಂದಿನ ಸೀಟಲ್ಲಿ ಮಲಗಿಸಿ ಓಡಿಸುತ್ತಿದ್ದರು,
ಅದಕ್ಕೂ ಬೆಲ್ಟು ಹಾಕಿ."
ಝ್ಡೆಂಕೊ ನಗಲಿಲ್ಲ.
"ಅಂದರೆ ಇಷ್ಟು ವರ್ಷ ಇಳಿಜಾರಲ್ಲಿ ಇದನ್ನು ಹಿಡಿದದ್ದು
ಗೇರಿನ ಒಂದು ಕೊಂಡಿ,"
ಅಂತ ಮತ್ತೆ ಕೆಳಗೆ ನುಸುಳಿದ.

ಮುನ್ನೂರು ಇಳಿಸಿದೆ.
ಉಳಿದಿನ್ನೂರಕ್ಕೆ ಅವನು ಬೋಖುಮ್ ತನಕ ಬೈದ.
ಸಿಗ್ನಲ್ಲಿನಲ್ಲಿ ನಿಂತಾಗ ನೋಡುತ್ತೇನೆ,
ನನ್ನ ಎಡಗಾಲು
ನೆಲ ಮುಟ್ಟದೆ, ಸೀಟಿನಡಿ ಮಡಚಿಕೊಂಡು ಕೂತಿದೆ.