ಮಹಜರು

ಮಫ್ತಿಯಲ್ಲಿದ್ದೆ. ಬೂಟು ನೋಡಿಯೇ ಗುರುತು ಹಿಡಿದ.
"ಬನ್ನಿ ಸಾ," ಅಂದ ಸಿದ್ದಪ್ಪಾಜಿ, ಓಡಲಿಲ್ಲ.
ಕಬ್ಬಿನಹಾಲಿನ ಗಾಡಿಯ ಹಿಂದೆ
ಕಾಂಪೌಂಡಿಗೆ ಒರಗಿ ಕೂತೆವು.

ಜೇಬಲ್ಲಿ ಮೂರು ಟಿಕೆಟ್ಟು, ಬೆವರಿಗೆ ಮೆತ್ತಗೆ;
ನೂರರದ್ದು, ಎಂಟುನೂರಕ್ಕೆ.
ಬರೆಯುತ್ತಿದ್ದೆ: ಮಾನಸಗಂಗೋತ್ರಿ ಮೈದಾನ,
ಎರಡನೇ ಗೇಟು, ಪಂಚರ ಸಮಕ್ಷಮ
ಗೋಡೆಯಾಚೆ ಹೋ ಎಂದಿತು ಜನ.

"ಸಿಕ್ಸರ್ರು," ಅಂದೆ.
"ಅಲ್ಲ ಸಾ, ಕ್ಯಾಚ್ ಬಿಟ್ರು.
ಸಿಕ್ಸಾದ್ರೆ ಕೂಗು ಮೇಲಕ್ಕೋಯ್ತದೆ,
ಇದು ನಡುವ್ಲೇ ಮುರೀತು."
ಒಳಗೆ ಹೋಗಿದ್ದೀಯೇನೋ ಎಂದಾದರೂ?
"ನೀವು?"

ಹನ್ನೊಂದು ವರ್ಷದ ಬಂದೋಬಸ್ತು,
ಪಿಚ್ಚಿಗೆ ಬೆನ್ನು ಮಾಡಿಯೇ ನಿಂತದ್ದು.

ಸಿ ಸಾಲು, ನಲವತ್ತೊಂದು, ನಲವತ್ತೆರಡು, ನಲವತ್ತಮೂರು.
ಲಕೋಟೆಗೆ ಅರಗು ಒತ್ತಿದೆ.
ಒಳಗೆಲ್ಲೋ ಮೂರು ಖಾಲಿ ಕುರ್ಚಿ.
ಮತ್ತೆ ಕೂಗೆದ್ದಿತು.
ಇಬ್ಬರೂ ತಲೆ ಎತ್ತಿದೆವು:
ಈ ಸಲ ಮೇಲಕ್ಕೇ ಹೋಯಿತು.